ಹೋಲಿಕೆ

ಮೂವತ್ತೊಂದು ವರ್ಷ ಗಾಜಿನ ಗೂಡಿನಲ್ಲಿ ಕೂತು
ಮುಖ ನೋಡಿದೆ, ಫೋಟೋ ನೋಡಿದೆ, ಮತ್ತೆ ಮುಖ ನೋಡಿದೆ.
ಒಬ್ಬೊಬ್ಬರಿಗೆ ಹನ್ನೊಂದು ಸೆಕೆಂಡು.
ಆಮೇಲೆ ಠಪ್ಪೆಂದು ಮುದ್ರೆ.
ತುರ್ಕಿ ಕಡೆಯಿಂದ ಬರುವ ಲಾರಿಗಳು, ಮದುವೆ ಬಸ್ಸುಗಳು,
ರಜೆ ಮುಗಿಸಿ ಜರ್ಮನಿಗೆ ಮರಳುವ ಮಂದಿ, ಹಿಂದಿನ ಸೀಟಿನಲ್ಲಿ
ಬಾಯಿ ತೆರೆದು ನಿದ್ದೆಹೋದ ಮಕ್ಕಳು.
ನನ್ನಷ್ಟು ಮೂಗು ನೋಡಿದವರು ಈ ಊರಲ್ಲಿ ಇನ್ನಾರೂ ಇಲ್ಲ.

ಹಾಗಂದುಕೊಂಡೇ ಬಂದೆ,
ನಿವೃತ್ತಿಯಾದ ಅಕ್ಟೋಬರಿನಲ್ಲಿ,
ಸ್ವಿಲೆನ್‌ಗ್ರಾಡಿನ ಓದುಮನೆಯ ಮೇಲಂತಸ್ತಿಗೆ,
ಮಂಗಳವಾರ ಸಂಜೆಯ ಚಿತ್ರದ ಕ್ಲಾಸಿಗೆ.
ಬೀದಿಯುದ್ದಕ್ಕೂ ಕೆಂಪು ಮೆಣಸಿನಕಾಯಿ ಸುಡುವ ಹೊಗೆ.
ಏಳೇ ಜನ. ಬೇಕರಿಯ ಸೆವ್ದಾ,
ರೈಲ್ವೆ ಸಿಗ್ನಲ್ಲಿನ ತಾಂಚೊ (ಅವನು ಏನು ಬರೆದರೂ
ಎರಡು ಗೆರೆ ದೂರ ಹೋಗಿ ಕೂಡಿಕೊಳ್ಳುತ್ತವೆ).
ಕಲಿಸುವ ಹುಡುಗ ಕಾಲಿನ್, ನನ್ನ ಮಗಳಿಗಿಂತ ಚಿಕ್ಕವನು,
ಒಂದೇ ಕಿವಿಗೆ ಓಲೆ, ಶೂ ತುಂಬ ಬಣ್ಣ.

ಮುಖ ಬರೆಯಬೇಕು, ಎಂದೆ.
ಅವನು ಮೇಜಿನ ಮೇಲೊಂದು ದ್ಯುಲ್ಯಾ ಹಣ್ಣಿಟ್ಟ.
ಸೇಬಾಗಲು ಹೊರಟು ದಾರಿಯಲ್ಲಿ ಮನಸ್ಸು ಬದಲಿಸಿದ ಹಣ್ಣು,
ಹಳದಿ, ಉಬ್ಬುತಗ್ಗು, ಮೈಮೇಲೆ ಬೆಕ್ಕಿನ ಮರಿಯ ತುಪ್ಪುಳು.
ಹನ್ನೊಂದು ಸೆಕೆಂಡು ನೋಡಿದೆ. ಗೊತ್ತಾಯಿತು ಅನ್ನಿಸಿತು.
ಬರೆದೆ.
ಆಲೂಗಡ್ಡೆ ಬಂತು.

ನಗಬೇಡಿ. ಗಿಡವಾಗಿ ಬಗ್ಗದ್ದು ಎಂದು
ಗಾದೆ ಶುರುಮಾಡುವವರಿಗೆ ಹೇಳುತ್ತೇನೆ:
ಬಗ್ಗುತ್ತದೆ, ಕಿರುಗುಟ್ಟಿಕೊಂಡು.
ಪೆನ್ಸಿಲನ್ನು ನಾನು ಮುದ್ರೆಯ ಹಾಗೆ ಹಿಡಿದಿದ್ದೆ,
ಒತ್ತಿದರೆ ಮುಗಿಯಿತು ಎಂಬಂತೆ.
ಕೆಳಗಿನ ಹಾಳೆಯಲ್ಲೂ, ಅದರ ಕೆಳಗಿನದರಲ್ಲೂ
ಆಲೂಗಡ್ಡೆ ಕುಳಿಬಿದ್ದಿತ್ತು.
ಹಣ್ಣನ್ನು ಬಿಡಿ, ಎಂದ ಕಾಲಿನ್,
ಹಣ್ಣಿನ ಪಕ್ಕದ ಗಾಳಿಯನ್ನು ಬರೆಯಿರಿ.
ಗಾಳಿಗೆ ಕಾಗದಪತ್ರ ಕೇಳಿ ಅಭ್ಯಾಸವಿಲ್ಲ ನನಗೆ.

ಎರಡನೆಯ ಮಂಗಳವಾರ ತೊಟ್ಟಿನ ಬಳಿ ಕಂದು ಚುಕ್ಕೆ.
ಮೂರನೆಯದಕ್ಕೆ ಒಂದು ಮಗ್ಗುಲು ಕುಸಿದಿತ್ತು,
ಕೋಣೆ ತುಂಬ ಅದರ ವಾಸನೆ, ಜೇನೋ ಹುಳಿಯೋ.
ಬೇರೆ ತರಲೇ ಎಂದು ಕೇಳಿದ. ಬೇಡ, ಇದೇ ಇರಲಿ.
ಇವತ್ತು ನಾಲ್ಕನೆಯದು. ಹಾಳೆಗಳನ್ನು ಸಾಲಾಗಿಟ್ಟೆ.
ಹಣ್ಣು ನೋಡಿದೆ, ಚಿತ್ರ ನೋಡಿದೆ, ಮತ್ತೆ ಹಣ್ಣು ನೋಡಿದೆ.
ಹೊಂದುತ್ತಿಲ್ಲ.

ಆಗ ಆ ಹೆಂಗಸು ನೆನಪಾದಳು.
ಯಾವ ವರ್ಷವೋ. ಫೆಬ್ರವರಿ, ಬೆಳಗಿನ ಜಾವ ನಾಲ್ಕು.
ಪಾಸ್‌ಪೋರ್ಟಿನಲ್ಲಿ ದುಂಡು ಮುಖ, ದಟ್ಟ ಕೂದಲು.
ಕಿಟಕಿಯಲ್ಲಿ ಬರೀ ಎಲುಬು, ತಲೆಗೆ ಸುತ್ತಿದ ಉಣ್ಣೆ ಬಟ್ಟೆ,
ಹುಬ್ಬೇ ಇರಲಿಲ್ಲ.
ಏನೋ ಹೇಳತೊಡಗಿದಳು, ಆಸ್ಪತ್ರೆ ಎಂದಳು,
ಯಾರದೋ ಹೆಸರು ಹೇಳಿದಳು.
ಸುಂಕದವಳ ಮುಂದೆ ಸುಖದುಃಖ.
ಪಕ್ಕಕ್ಕೆ ನಿಲ್ಲಿ, ಎಂದೆ.
ಎರಡು ಗಂಟೆ ನಿಂತಳು. ಕೊನೆಗೆ ಮೇಲಿನವರು ಬಂದು
ಬಿಡು ಅಂದರು. ನಾನೇ ಮುದ್ರೆ ಒತ್ತಿದೆ.
ನಿಯಮದಂತೆಯೇ ನಡೆದಿದ್ದೆ. ಈಗಲೂ ಹಾಗೇ ಅನ್ನುತ್ತೇನೆ.

ಪೆನ್ಸಿಲನ್ನು ಸಡಿಲವಾಗಿ ಹಿಡಿದು
ಹಣ್ಣು ಕುಸಿದ ಕಡೆಯಿಂದ ಮೆಲ್ಲಗೆ ಇಳಿದೆ.
ಅಲ್ಲೊಂದು ನೆರಳಿತ್ತು,
ಹುಬ್ಬಿಲ್ಲದ ಹಣೆಯ ಕೆಳಗಿರುತ್ತದಲ್ಲ, ಅಂಥದು.
ಅಳಿಸಿದೆ. ಬರೆದೆ. ಹಾಳೆ ತೂತಾಗುವಷ್ಟು ಅಳಿಸಿದೆ.
ನಲವತ್ತು ನಿಮಿಷ ನೋಡಿದೆ. ಅಷ್ಟು ಹೊತ್ತು
ಯಾರನ್ನೂ ನೋಡಿರಲಿಲ್ಲ, ಗಂಡನನ್ನೂ.

ಸೆವ್ದಾ ಹೆಗಲ ಮೇಲಿಂದ ಇಣುಕಿ
ಅಯ್ಯೋ ಇದು ಕೊಳೆತಿದೆಯಲ್ಲ, ಎಂದಳು.
ನನಗೆ ಸಿಕ್ಕ ಮೊದಲ ಮೆಚ್ಚುಗೆ ಅದು.

ಮುಂದಿನ ವಾರ ಒಬ್ಬರನ್ನೊಬ್ಬರು ಬರೆಯುವುದಂತೆ.
ತಾಂಚೊ ಮೀಸೆ ತೆಗೆಸಿಕೊಂಡು ಬರುತ್ತೇನೆ ಅಂದ.
ಬೇಡ, ಹೇಗಿದ್ದೀಯೋ ಹಾಗೇ ಬಾ, ಎಂದೆ.
ಅವನ ಮೂಗು ಕೊಂಚ ಎಡಕ್ಕೆ ವಾಲುತ್ತದೆ.
ಇಪ್ಪತ್ತು ವರ್ಷದಿಂದ ಪಕ್ಕದ ಮನೆಯವನು,
ಇವತ್ತು ಮೆಟ್ಟಿಲಿಳಿಯುವಾಗ ಕಂಡಿತು.