ತುಂಬು ಬಿಡಿಸುವಾಗ

ಕೈಗೆ ಮೊದಲು ಕೊಬ್ಬರಿಎಣ್ಣಿ ಹಚ್ಕೋ ಅಂದಿದ್ಲು ನಮ್ಮವ್ವ.
ಬ್ಯಾಡಗಿಯೊಳಗ ತಾಯಿ ಮಗಳಿಗೆ
ಹೇಳಿಕೊಡೋ ಮೊದಲನೇ ಪಾಠ ಅದು.
ನನಗ ಕಡೀದೂ ಅದ.

ಹದಿನೆಂಟಕ್ಕ ಮದಿವಿ. ವರ್ಷ ತುಂಬೂದ್ರಾಗ ದಾಕ್ಷಿ.
ಅಕಿ ಮಲಿ ಬಿಡೂದ್ರಾಗ ಮೈಲಾರಿ.
ಮೂರನೇದ್ದು
ಹಾವೇರಿ ದವಾಖಾನಿಗೆ ಗೊತ್ತು, ನನಗ ಗೊತ್ತು.

ಇವತ್ತ ಚೀಲ ಸುರುವಿ
ಕೆಂಪು ರಾಶಿ ನಡುವ ಇಟಗೊಂಡು ಕುಂತೀವಿ.
ನಾಳೆ ದಾಕ್ಷಿ ಧಾರವಾಡಕ್ಕ. ಎಂಎಸ್ಸಿ, ಹಾಸ್ಟೆಲ್ಲು.
ನಾಕು ದಿನದಿಂದ ಬಾಯಿತನಕ ಬಂದ ಮಾತು
ತಿರುಗಿ ಹೊಟ್ಟಿಗೆ ಹೊಂಟೈತಿ.
ಒಂದು ಕಾಯಿ, ಒಂದು ತುಂಬು, ಮತ್ತೊಂದು ಕಾಯಿ.

"ನೋಡವಾ, ನಿರೋಧ್ ಅಂತ ಇರತೈತಿ…"
ದನಿ ನನ್ನದಲ್ಲ, ಆಶಾ ಅಕ್ಕೋರದು.
ದಾಕ್ಷಿ ನಗಲಿಲ್ಲ.
"ಗೊತ್ತೈತಿ ಬೇ. ಗುಳಿಗೀದೂ ಗೊತ್ತೈತಿ.
ಬ್ಯಾಡ ಅನ್ನಾಕೂ ಬರತೈತಿ.
ನಿನಗ ಯಾರು ಹೇಳಿದ್ರು, ಆಗ?"

ಕೆಮ್ಮು ಬಂತು. ಘಾಟಿಗೆ ಅಂದೆ.

ಮೈಲಾರಿ ಬಾಗಲದಾಗ ಮೆಲ್ಲಕ
ಚಪ್ಪಲಿ ಹುಡುಕತಿದ್ದ.
"ಎಲ್ಲಿ ಹೊಂಟಿ? ಕೂಡು. ಇದು ನಿನಗೂ ಐತಿ.
ಅಕಿ ಒಬ್ಬಾಕಿ ಎಣ್ಣಿ ಹಚ್ಕೊಂಡ್ರ ಸಾಕೇನು?
ರಾಶಿಗೆ ಕೈ ಹಾಕಾವ್ರು ಇಬ್ರು."

ಕಿವಿ ಕೆಂಪಗ ಮಾಡ್ಕೊಂಡು, ಗ್ವಾಡಿ ನೋಡಕೋಂತ
ಕುಂತ. ಫ್ಯಾನ್ ತಿರಗತಿತ್ತು.
ಅಕ್ಕ ಒಂದು ಕಾಯಿ ಎತ್ತಿ ಅವನ ಕಡೆ ಒಗದ್ಲು.
ಭಾಳ ಹೊತ್ತಿನ ಮ್ಯಾಲೆ
ಬಾಟ್ಲಿ ತನ್ನ ಕಡೆ ಎಳಕೊಂಡು
ಕೇಳಿದ:
"ಎಷ್ಟು ಹಚ್ಕೋಬೇಕು?"