ರಕಾರದ ತಿಂಗಳುಗಳು

ಹೆಸರಿನಲ್ಲಿ ರಕಾರವಿರುವ ತಿಂಗಳಿಗೆಲ್ಲ
ದಿನಕ್ಕೊಂದು ಚಮಚ ಮೀನೆಣ್ಣೆ.
ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಎಣಿಸಿ ನೋಡು,
ಒಂದೂ ತಪ್ಪಿಸಿಕೊಳ್ಳುವುದಿಲ್ಲ
ಎಂದಳು ಹಾಲ್ದಿಸ್, ಹೊಸ್ತಿಲಲ್ಲೇ ನಿಂತು.
ನಾನಿನ್ನೂ ಪೆಟ್ಟಿಗೆಗಳ ಹಗ್ಗ ಬಿಚ್ಚಿರಲಿಲ್ಲ.

ವಾರ್ಡೊ ದ್ವೀಪದ ಶಾಲೆಗೆ ಲೆಕ್ಕದ ಮೇಷ್ಟ್ರಾಗಿ
ಬಂದಿದ್ದೆ, ಅಕ್ಟೋಬರಿನಲ್ಲಿ.
ಗೋಡೆಯಾಚೆ ಆಕೆ. ಎಪ್ಪತ್ತಮೂರು ವರ್ಷ.
ನಲವತ್ತು ವರ್ಷ ಕಾರ್ಖಾನೆಯಲ್ಲಿ ಮೀನು ಸೀಳಿದ ಕೈಗೆ
ಈಗ ನನ್ನ ಬಾಗಿಲು ತಟ್ಟುವ ಕೆಲಸ.

ನವೆಂಬರಿನ ಕೊನೆಗೆ ಸೂರ್ಯ ಹೋದ.
ಹೇಳಿ ಹೋಗಲಿಲ್ಲ, ಅವತ್ತು ಮೋಡ.
ಆಮೇಲೆ ನಾನು ಮಲಗಿದೆ.
ಶನಿವಾರ ಎದ್ದಾಗ ಮಧ್ಯಾಹ್ನ ಎರಡು, ಹೊರಗೆ ರಾತ್ರಿ.
ಬ್ರೆಡ್ಡಿಗೆ ಬೆಣ್ಣೆ ಸವರಲೂ ಬೇಸರವಾಗಿ
ಎರಡನ್ನೂ ಬೇರೆ ಬೇರೆ ತಿಂದೆ.
ಅಮ್ಮನ ಫೋನಿಗೆ, ದೀಪ ಹಾಕದೆ,
ಚೆನ್ನಾಗಿದ್ದೇನೆ ಎಂದೆ.

ಟಕ್ ಟಕ್.
ಒಂದು ಕೈಯಲ್ಲಿ ಶೀಸೆ,
ಇನ್ನೊಂದರಲ್ಲಿ ಬೂಟಿಗೆ ಕಟ್ಟುವ ಉಕ್ಕಿನ ಮುಳ್ಳು.
"ಹನ್ನೊಂದೂವರೆ. ಬೆಳಕು ಬಂದಿದೆ, ಹೊರಡು."

ಬೆಳಕೆಂದರೆ ಬೆಳಕಲ್ಲ ಅದು,
ನೀಲಿ ಅದ್ದಿದ ಬಟ್ಟೆ ಹಿಂಡಿದಾಗ ಇಳಿಯುವ ನೀರು.
ಅದರಲ್ಲೇ ಬಂದರಿಗೆ ಒಂದು ಸುತ್ತು.
ಮೈಗೆ ತಾಗುವ ಅಂಗಿ ಉಣ್ಣೆಯದೇ ಇರಬೇಕು,
ಗಾಳಿ ಎದುರಾದರೆ ಬೆನ್ನು ಕೊಟ್ಟು ಹಿಂದಕ್ಕೆ ನಡೆಯಬೇಕು,
ಸಿಕ್ಕವರಿಗೆ ತಲೆಯಾಡಿಸಬೇಕು.
ಮೂರು ತಲೆ ತಿರುಗಿ ಆಡುವವರೆಗೆ
ಮನೆಗೆ ಬರುವಂತಿಲ್ಲ.
ಒಮ್ಮೆ ಹಿಮಗಾಳಿಗೆ ಯಾರೂ ಸಿಗದೆ
ಅಂಚೆಯವನ ನಾಯಿಯನ್ನು ಲೆಕ್ಕಕ್ಕೆ ಹಿಡಿದೆವು.

ಆಮೇಲೆ ಆಕೆಯ ಅಡುಗೆಮನೆ.
ಹಳದಿ ಟರ್ನಿಪ್ಪಿನ ಹಸಿ ಹೋಳು:
"ತಿನ್ನು, ನಮ್ಮ ಕಡೆಯ ಕಿತ್ತಳೆ ಇದೇ."
ಕುರಿಮಾಂಸ, ಎಲೆಕೋಸು, ಇಡೀ ಕಾಳುಮೆಣಸು
ಮೂರು ಗಂಟೆ ಒಂದೇ ಪಾತ್ರೆಯಲ್ಲಿ ಪಿಸುಗುಟ್ಟುತ್ತವೆ.
ಮೆಣಸನ್ನು ತಟ್ಟೆಯ ಅಂಚಿಗೆ ಸರಿಸಿದ್ದು ಕಂಡು
ಗದರಿದಳು: "ಎಲ್ಲಿಯದೋ ಬಿಸಿಲು ಸುರುಟಿಕೊಂಡು
ಅದರೊಳಗೆ ಕೂತಿದೆ. ಕಚ್ಚು."
ಕೊನೆಗೆ, ಆಗಸ್ಟಿನಲ್ಲಿ ಜೌಗಿನ ಸೊಳ್ಳೆಗಳ ಜೊತೆ
ಗುದ್ದಾಡಿ ಕಿತ್ತ ಮುಲ್ತೆ ಹಣ್ಣು, ಎರಡು ಚಮಚ.
ಮೂರನೆಯದು ಕೇಳಿದರೆ ಮಾರ್ಚ್ ತೋರಿಸುತ್ತಾಳೆ.

ಊಟ ಬಲ್ಲವಳು. ಮಾತೂ ಬಲ್ಲವಳು.
ಆದರೂ ಜಗಳ ಬಿಟ್ಟವಳಲ್ಲ.
ರೇಡಿಯೋ ಜೊತೆ, ಮೇಯರ್ ಜೊತೆ, ಇಸ್ಪೀಟಿನಲ್ಲಿ ನನ್ನ ಜೊತೆ.
ಸೋತ ರಾತ್ರಿ ನನಗೆ ಒಳ್ಳೆಯ ನಿದ್ದೆ.

ಶಾಲೆಯಲ್ಲಿ ಮಕ್ಕಳದ್ದು ಒಂದೇ ಲೆಕ್ಕ:
ತೋಪಿಗೆ ಇನ್ನೆಷ್ಟು ದಿನ?
ಜನವರಿ ಇಪ್ಪತ್ತರ ಆಚೆಯೋ ಈಚೆಯೋ
ಸೂರ್ಯ ಇಡಿಯಾಗಿ ಕಂಡರೆ ಕೋಟೆಯಲ್ಲಿ ತೋಪು, ಶಾಲೆಗೆ ರಜೆ.
ಮುಕ್ಕಾಲು ಸೂರ್ಯನಿಗೆ ಏನೂ ಇಲ್ಲ.
ಭಿನ್ನರಾಶಿ ಕಲಿಸಲು ಇದಕ್ಕಿಂತ ಪಾಠ ಬೇಕೆ?

ಒಂಬತ್ತನೇ ತಾರೀಖು ಹನ್ನೊಂದೂವರೆ ಆಯಿತು,
ಹನ್ನೆರಡಾಯಿತು. ಬಾಗಿಲು ಸದ್ದು ಮಾಡಲಿಲ್ಲ.
ಹೋಗಿ ನೋಡಿದೆ.
ಹೊದಿಕೆ ಮೂಗಿನವರೆಗೆ.
"ಕಾಯಿಲೆ ಅಲ್ಲ. ಜನವರಿಯಲ್ಲಿ ಒಂದು ದಿನ
ನನಗೆ ಆಗುವುದಿಲ್ಲ. ಪ್ರತಿ ವರ್ಷ. ಹೋಗು."

ಏನು ಹೇಳಲೂ ತೋಚಲಿಲ್ಲ.
ನಾಲ್ಕು ಆಲೂಗಡ್ಡೆ ಬೇಯಲಿಟ್ಟೆ,
ಚಮಚಕ್ಕೆ ಎಣ್ಣೆ ಹೊಯ್ದು ಕೈಗೆ ಕೊಟ್ಟೆ,
ಮುಖ ಕಿವುಚಿ ಕುಡಿದಳು, ಮಗುವಿನ ಹಾಗೆ.
ಆಲೂಗಡ್ಡೆ ಬೆಂದಮೇಲೆ ಮುಳ್ಳು ಕಟ್ಟಿಕೊಂಡು ಒಬ್ಬನೇ ಹೊರಟೆ.

ಬಂದರಿನಲ್ಲಿ ಎರಡೇ ತಲೆ ಸಿಕ್ಕವು.
ನಾಯಿಯೂ ಇಲ್ಲ.
ಮರಳಿ ಬಂದು ಆಕೆಯ ಕಿಟಕಿಯ ಕೆಳಗೆ
ನಿಂತು, ಕತ್ತೆತ್ತಿ, ತಲೆಯಾಡಿಸಿದೆ.
ಗಡ್ಡಕ್ಕೆ ಹಿಮ ಕಟ್ಟುವಷ್ಟು ಹೊತ್ತು.

ಪರದೆ ಎರಡು ಬೆರಳು ಸರಿಯಿತು.
ಮೂರು.

ಒಳಗೆ ಬಂದು ನನ್ನ ಚಮಚ ನಾನೇ ತುಂಬಿಕೊಂಡೆ.
ಥೂ, ಅದರ ರುಚಿ ಮಾತ್ರ
ಇನ್ನೂ ಒಗ್ಗಿಲ್ಲ.