ಸಂಜೆಯಿಲ್ಲದ ಉಪವಾಸ

ಟೈನ್ ಸೇತುವೆಯ ಕಬ್ಬಿಣದ ಸಂದಿಯಲ್ಲಿ
ಕಡಲಹಕ್ಕಿಗಳು ಮರಿಗಳಿಗೆ ಮೀನು ತಂದು
ಊರಿಗೆಲ್ಲ ಕೇಳುವಂತೆ ಕೂಗುತ್ತಿವೆ.
ಕಿಟಕಿಯೊಳಗೆ ನಾವು ಏಳು ಜನ, ಒಂದು ಮೇಜು,
ಹನ್ನೆರಡೂವರೆ. ಚೀಸ್ ಸುರಿದ ಆಲೂಗಡ್ಡೆ, ಬಟಾಣಿ.
ಯಾರ ಚಮಚವೂ ಸದ್ದು ಮಾಡುತ್ತಿಲ್ಲ.

ಇವರ ಜೊತೆ ಕೂತು ಉಣ್ಣುವುದು ನನ್ನ ಕೆಲಸ.
ಹರಿಹರದಲ್ಲಿ ಹೇಳಿದರೆ ನಗುತ್ತಾರೆ:
"ಉಣ್ಣೋಕೂ ಸಂಬಳ ಕೊಡ್ತಾರೇನೇ ಶಮೀಮಾ?"
ಕೊಡುತ್ತಾರಕ್ಕ.
ಮಳೆಯ ಬಗ್ಗೆ ಮಾತಾಡಬೇಕು, ಸೋತ ಫುಟ್‌ಬಾಲಿನ ಬಗ್ಗೆ,
ತಟ್ಟೆಯ ಬಗ್ಗೆ ಮಾತ್ರ ತುಟಿ ಬಿಚ್ಚುವಂತಿಲ್ಲ.
'ಊಟ ಆಯ್ತಾ' ಎಂಬ ನಮ್ಮ ನಮಸ್ಕಾರವನ್ನು
ದಿನವೂ ಬಾಗಿಲಲ್ಲಿ ಚಪ್ಪಲಿಯಂತೆ ಬಿಟ್ಟು ಬರುತ್ತೇನೆ.

ಊಟ ಬಲ್ಲವನಿಗೆ ರೋಗವಿಲ್ಲ
ಎಂದು ಕಾಪಿ ಬರೆಸಿದ್ದರು ನಮ್ಮ ಮೇಷ್ಟ್ರು.
ಮೇಷ್ಟ್ರೇ, ಇಲ್ಲಿ ಎಲ್ಲರೂ ಬಲ್ಲವರೇ.
ಮಗ್ಗಿ ಮರೆತರೂ ಊಟದ ಲೆಕ್ಕ ಮರೆಯದವರು.

ಬೆಥನಿ ತೆಳ್ಳಗಿಲ್ಲ, ದಪ್ಪಗಿಲ್ಲ,
ಬಸ್ಸಿನಲ್ಲಿ ಪಕ್ಕ ಕೂತರೆ ಮುಖ ನೆನಪುಳಿಯದು.
"ಚೆನ್ನಾಗೇ ಇದ್ದೀಯಲ್ಲ" ಎಂದು
ಮೂರು ಡಾಕ್ಟರು ಅವಳನ್ನು ಮನೆಗೆ ಕಳಿಸಿದರಂತೆ.
ಊಟವಾದ ಮೇಲೆ ಒಂದು ಗಂಟೆ
ನನ್ನೆದುರು ಚಿತ್ರದ ತುಂಡು ಜೋಡಿಸುತ್ತಾಳೆ.
ಬಚ್ಚಲಿನ ಬಾಗಿಲ ಕಡೆ ಕಣ್ಣು ಹೋಗದಿರಲೆಂದು
ಆಕಾಶವನ್ನೇ ಆರಿಸಿಕೊಳ್ಳುತ್ತಾಳೆ,
ಎಲ್ಲ ತುಂಡೂ ಒಂದೇ ನೀಲಿ, ಅದೇ ಕಷ್ಟದ್ದು.

ರಾಯ್‌ಸ್ಟನ್ ಬಸ್ಸು ಓಡಿಸುತ್ತಾನೆ, ಐವತ್ತೆಂಟು.
ಗಂಡಸರಿಗೂ ಇದು ಬರುತ್ತಾ ಎಂದು ಹೆಂಡತಿಯೇ ಕೇಳಿದ್ದಳು.
ಡಿಪೋದ ಹಿಂದೆ, ಕಾರಿನ ದೀಪ ಆರಿಸಿ,
ರುಚಿ ತಿಳಿಯುವ ಮೊದಲೇ ಮುಗಿದುಹೋಗುವ ಊಟ.
"ಹಸಿವಲ್ಲ ಪೆಟ್, ಅದೊಂದು ಮಂಪರು."
(ಇಲ್ಲಿ 'ಪೆಟ್' ಅಂದರೆ ಮುದ್ದು.
ಪೆಟ್ಟೆಲ್ಲ ಅವನೇ ತಿಂದದ್ದು, ಆಮೇಲೆ, ಒಬ್ಬನೇ, ನಾಚಿ.)

ಕ್ಯಾಲಮ್‌ಗೆ ಕನ್ನಡಿಯ ಗೊಡವೆಯೇ ಇಲ್ಲ.
ಆರು ವರ್ಷದವನಿದ್ದಾಗ ಗಂಟಲಲ್ಲಿ ಸಿಕ್ಕಿದ ದ್ರಾಕ್ಷಿ
ಇನ್ನೂ ಅಲ್ಲೇ ಇದೆ.

ಈ ಸಲ ರಂಜಾನ್ ಜೂನಿಗೆ ಬಂತು.
ಇಲ್ಲಿ ಸೂರ್ಯ ಹತ್ತರ ಹತ್ತಿರದವರೆಗೆ ಇಳಿಯುವುದೇ ಇಲ್ಲ.
ಒಂದು ತಿಂಗಳು ಮೇಜಿನ ಕೆಲಸ ಬೇಡವೆಂದಿದ್ದೆ,
ಇವತ್ತು ಜನ ಸಾಲದೆ ಖಾಲಿ ತಟ್ಟೆಯೆದುರು ಕೂತೆ.
ಹತ್ತೊಂಬತ್ತರ ರುಮಾನಾ ಅದನ್ನು ನೋಡಿದಳು,
ಮೂರು ವಾರದಲ್ಲಿ ಮೊದಲ ಸಲ ನಕ್ಕಳು:
"ಆಂಟಿ, ನಿಮ್ಮದೂ ರೋಜಾ. ನನ್ನದೂ."

ಅದು ದೇವರ ಕಡೆ ತಿರುಗಿದ ನಗುವಲ್ಲ.
ಅಡಗಲು ಜಾಗ ಸಿಕ್ಕವರ ನಗು.

ಕಾಯಿಲೆಯವರಿಗೆ ವಿನಾಯಿತಿ ಇದೆ ಎಂದು
ಇಮಾಮರೇ ಬಂದು ಹೇಳಿ ಹೋಗಿದ್ದರು,
ಅವಳು ಮರ್ಯಾದೆಗೆ ತಲೆಯಾಡಿಸಿದ್ದಳು.
ನಾನು ಕೇಳಿದ್ದು ಇಷ್ಟೇ:
"ನನ್ನ ಉಪವಾಸ ಸಂಜೆ ಮುಗಿಯುತ್ತೆ ಮಗಾ,
ಬ್ಯಾಗಿನಲ್ಲಿ ಎರಡು ಖರ್ಜೂರ ಇಟ್ಕೊಂಡಿದ್ದೀನಿ.
ನಿನ್ನದಕ್ಕೆ ಸಂಜೆ ಯಾವಾಗ?"

ಅವಳು ಕಿಟಕಿ ನೋಡಿದಳು, ಅಲ್ಲಿ ಗಡಿಯಾರವಿರುವಂತೆ.
"ಗೊತ್ತಿಲ್ಲ. ಅವಳು ಹೇಳಲ್ಲ."
ಯಾರೆಂದು ನಾನು ಕೇಳಲಿಲ್ಲ.
ಈ ಮೇಜಿನ ಒಂದೊಂದು ಕುರ್ಚಿಯಲ್ಲೂ ಇಬ್ಬಿಬ್ಬರು ಕೂರುತ್ತಾರೆ.

ಬಡಿಸಿಕೊಂಡೆ. ಚಮಚ ಎತ್ತಿದೆ.
ಒಂದು ದಿನದ ಸಾಲ, ಡಿಸೆಂಬರಿನಲ್ಲಿ ತೀರಿಸುತ್ತೇನೆ,
ಆಗ ಇಲ್ಲಿ ನಾಲ್ಕಕ್ಕೆ ಮೊದಲೇ ಕತ್ತಲು.
ಮೇಲಿನವನ ಲೆಕ್ಕದಲ್ಲಿ ಇಂಥ ಜಾಣತನಕ್ಕೆ ಜಾಗವಿದೆಯೋ, ಕಾಣೆ.
ಆಲೂಗಡ್ಡೆ ತಣ್ಣಗಾಗಿತ್ತು.
ರಾಯ್‌ಸ್ಟನ್ ಸುಮ್ಮನೆ ಉಪ್ಪು ದಾಟಿಸಿದ.

ಅವಳು ಉಂಡಳೆಂದು ಬರೆದರೆ ಸುಳ್ಳಾಗುತ್ತದೆ.
ಫೋರ್ಕನ್ನು ಕೈಯಲ್ಲಿ ಹಿಡಿದೇ ಇದ್ದಳು,
ನಾವೆಲ್ಲ ಏಳುವವರೆಗೆ.

ರಾತ್ರಿ ಫೋನಿನಲ್ಲಿ ಅಜಾನ್ ಆದಾಗ,
ಮುರಿದ ರೋಜಾದವಳು, ಆದರೂ ಬ್ಯಾಗಿಗೆ ಕೈ ಹಾಕಿದೆ.
ಖರ್ಜೂರ ಒಂದೇ ಇತ್ತು.

ತಿಂದಳೋ, ದಿಂಬಿನ ಕೆಳಗಿಟ್ಟುಕೊಂಡಳೋ.